ನುಣ್ಣಗಿನ ಸೀಡೆ

ಸೀಡೆ ಕರಿಯುವವಳು ಬಾಣಲೆಯ ಮೇಲೆ ಬಗ್ಗಬಾರದು. ಹಲಸೂರಿನ ನಮ್ಮ ಬೀದಿಯಲ್ಲಿ ಇದು ಲಂಗ ಹಾಕುವ ಹುಡುಗಿಯರಿಗೂ ಗೊತ್ತು. ನೋಡಲು ಏನು ಮಹಾ, ಗೋಲಿ ಗಾತ್ರದ ಉಪ್ಪಿನ ಉಂಡೆ. ಅಕ್ಕಿಹಿಟ್ಟು, ಹುರಿದ ಉದ್ದಿನಹಿಟ್ಟು, ಬೆಣ್ಣೆ, ಇಂಗು, ಕೊಬ್ಬರಿ ಚೂರು, ಅಷ್ಟೇ. ಬಾಯಿಗೆ ಒಂದೊಂದೇ ಎಸೆದುಕೊಂಡು ಕಟುಂ ಅನ್ನಿಸಿಕೊಂಡು ತಿನ್ನುವ ತಿಂಡಿ. ಆದರೆ ಎಣ್ಣೆಯೊಳಗೆ ಸಿಡಿಯಿತೆಂದರೆ ಸೂರಿಗೆ ಹೋಗಿ ಬಡಿಯುತ್ತದೆ, ಕಾದ ಎಣ್ಣೆಯನ್ನೂ ಜೊತೆಗೆ ಎತ್ತಿಕೊಂಡು.

ಹಿಟ್ಟನ್ನು ಜರಡಿ ಹಿಡಿಯಬೇಕೆಂದು ಎಲ್ಲರೂ ಹೇಳುತ್ತಾರೆ. ನಿಜವಾದ ಗುಟ್ಟು ಉರುಳಿಸುವುದರಲ್ಲಿದೆ. ಸೀಡೆಯನ್ನು ಒತ್ತಬಾರದು. ಅಂಗೈಯಲ್ಲಿ ಒಂದು ಸುತ್ತು ಸುತ್ತಿ ಬಟ್ಟೆಯ ಮೇಲೆ ಬಿಟ್ಟುಬಿಡಬೇಕು. ಮೈಯೆಲ್ಲ ಬಿರುಕು ಬಿರುಕಾಗಿ, ಒರಟೊರಟಾಗಿ ಇರಬೇಕು. ನುಣ್ಣಗಾಯಿತೋ, ಒಳಗಿನ ನೀರು ಆವಿಯಾಗಿ ಹೊರಗೆ ಬರಲು ದಾರಿಯಿಲ್ಲದೆ ಪಟಾಕಿಯಾಗುತ್ತದೆ. ಇಷ್ಟನ್ನು ನನಗೆ ಹೇಳಿಕೊಡಲು ನಮ್ಮತ್ತೆ ನಾಲ್ಕು ಹಬ್ಬ ಕಾಯಿಸಿದಳು. ಆ ನಾಲ್ಕು ವರ್ಷವೂ ನಾನು ಹಿಟ್ಟು ಜರಡಿ ಹಿಡಿದುಕೊಂಡು, ಬೈಸಿಕೊಂಡು ಕೂತಿದ್ದೆ.

ನಾನು ಮುನಿಶಾಮಮ್ಮ. ವರ್ಷದ ಉಳಿದ ದಿನಗಳಲ್ಲಿ ದೇವಸ್ಥಾನದ ಬೀದಿಯಲ್ಲಿ ಹೂ ಕಟ್ಟುವ ಮುದುಕಿ. ಹೆಸರು ಹಿಡಿದು ಕರೆಯುವವರಿಲ್ಲ. ಕೃಷ್ಣ ಜಯಂತಿಯ ದಿನ ಮಾತ್ರ ಇಂದಿರಾನಗರದ ರೇವತಿ ಮೇಡಂ ಮನೆಗೆ ಹೋಗಿ ಸೀಡೆ ಮಾಡುತ್ತಿದ್ದೆ. ಹದಿನೇಳು ವರ್ಷ ಮಾಡಿದೆ. ಆ ಸಂಜೆ ಅವರ ಮನೆಯಲ್ಲಿ ಅರವತ್ತು ಎಪ್ಪತ್ತು ಜನ ಸೇರುತ್ತಿದ್ದರು. ರೇಷ್ಮೆ ಸೀರೆಯುಟ್ಟ ಹೆಂಗಸರು ಅಡುಗೆಮನೆಯ ಬಾಗಿಲಿಗೆ ಬಂದು, ‘ಸೀಡೆ ಮುನಿಶಾಮಮ್ಮ ಎಲ್ಲಿ?’ ಎಂದು ಕೇಳಿ ನನ್ನನ್ನು ನೋಡಿ ಹೋಗುತ್ತಿದ್ದರು. ಆ ಒಂದು ಮಾತಿಗಾಗಿ ನಾನು ವರ್ಷವಿಡೀ ಬದುಕುತ್ತಿದ್ದೆ ಅಂದರೆ ನಗಬೇಡಿ.

ತೊಂಬತ್ತೇಳರ ಹಬ್ಬಕ್ಕೆ ಎರಡು ದಿನವಿರುವಾಗ ಮೇಡಂ ಪಕ್ಕದ ಅಂಗಡಿಗೆ ಫೋನು ಮಾಡಿ ನನ್ನನ್ನು ಕರೆಸಿದರು.

“ಮುನಿಶಾಮಮ್ಮ, ಈ ಸಲ ಲಕ್ಷ್ಮಿದೇವೀನ ಜೊತೆಗೆ ಕೂರಿಸ್ಕೊಳ್ಳಿ. ಎಲ್ಲಾ ಹೇಳಿಕೊಟ್ಬಿಡಿ. ಮುಂದಿನ ವರ್ಷದಿಂದ ಅವಳೇ ಮಾಡ್ಲಿ. ನಿಮಗೂ ವಯಸ್ಸಾಯ್ತು, ರೆಸ್ಟ್ ತಗೊಳ್ಳಿ.”

ರೆಸ್ಟಂತೆ! ಫೋನಿಟ್ಟ ಮೇಲೆ ಅಂಗಡಿಯವನು ಏನೋ ಕೇಳಿದ, ನನಗೆ ಕೇಳಿಸಲಿಲ್ಲ. ಮೈಯೆಲ್ಲ ಉರಿದುಹೋಯಿತು. ನಾನೇನು ಇವರ ಮನೆಯ ಹಳೇ ಮಿಕ್ಸಿಯೇ, ಹೊಸದು ಬಂತು ಎಂದು ಅಟ್ಟಕ್ಕೆ ಹಾಕಲು? ಆ ಮಧ್ಯಾಹ್ನ ಕಟ್ಟಿದ ಮೊಳಗಳೆಲ್ಲ ಗಿಡ್ಡವಾಗಿ, ಕೊಂಡವರ ಹತ್ತಿರ ಬೈಸಿಕೊಂಡೆ.

ಲಕ್ಷ್ಮಿದೇವಿ ಆ ಮನೆಯಲ್ಲಿ ಪಾತ್ರೆ ಬಟ್ಟೆ ಮಾಡುತ್ತಿದ್ದವಳು. ಸುರಪುರದ ಕಡೆಯವಳು. ಗಂಡ ಭೀಮು ಗಾರೆ ಕೆಲಸ. ಕಗ್ಗದಾಸಪುರದಲ್ಲಿ ಶೀಟು ಹೊದಿಸಿದ ಒಂದು ರೂಮು, ಕಂಕುಳಲ್ಲಿ ಒಂದು ಹೆಣ್ಣು ಮಗು. ಇಪ್ಪತ್ತೈದು ದಾಟಿರಲಿಲ್ಲ. ಕುಳ್ಳಿ, ಎಷ್ಟು ಕುಳ್ಳಿಯೆಂದರೆ ಒಲೆಯ ಮೇಲಿನ ಪಾತ್ರೆಯೊಳಗೆ ನೋಡಲು ತುದಿಗಾಲಲ್ಲಿ ನಿಲ್ಲಬೇಕು. ನನ್ನನ್ನು ಕಂಡರೆ ಅವಳಿಗೆ ಭಕ್ತಿ. ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸುತ್ತಿತ್ತು. ಎದುರು ವಾದಿಸುವವಳಾಗಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆನೋ ಏನೋ.

ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೇ ಇಬ್ಬರೂ ಅಡುಗೆಮನೆಯಲ್ಲಿ ಕೂತೆವು. ಅಕ್ಕಿ ತೊಳೆದು, ನೆರಳಲ್ಲಿ ಆರಹಾಕಿ, ಮಿಲ್ಲಿನಲ್ಲಿ ಬೀಸಿಸಿ ತಂದ ಹಿಟ್ಟು ಸಿದ್ಧವಿತ್ತು. ಎಲ್ಲ ಹೇಳಿಕೊಟ್ಟೆ, ನಾನೇನೂ ಮೋಸ ಮಾಡಲಿಲ್ಲ. ಹಿಟ್ಟನ್ನು ಎಷ್ಟು ಹೊತ್ತು ಬೆಚ್ಚಗೆ ಮಾಡಬೇಕು, ಬೆಣ್ಣೆ ಎಷ್ಟು, ಇಂಗನ್ನು ನೀರಲ್ಲಿ ಕರಗಿಸಿಯೇ ಯಾಕೆ ಹಾಕಬೇಕು, ಎಲ್ಲ. ದೇವರಿಗೆ ಇಡುವ ಮೊದಲು ರುಚಿ ನೋಡುವಂತಿಲ್ಲವಾದ್ದರಿಂದ ಉಪ್ಪನ್ನು ವಾಸನೆಯಲ್ಲೇ ತಿಳಿಯುವುದು ಹೇಗೆಂದೂ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ಒಂದೇ ಸಲ ಹೇಳಿದರೆ ಸಾಕು, ಹಿಡಿದುಕೊಳ್ಳುತ್ತಿದ್ದಳು, ಕಳ್ಳಿ.

ಬಿಳಿಯ ಪಂಚೆ ಹಾಸಿ ಉರುಳಿಸಲು ಕೂತೆವು. ನಾನು ಒಂದು ಮೂಲೆಯಿಂದ, ಅವಳು ಇನ್ನೊಂದು ಮೂಲೆಯಿಂದ. ಸ್ವಲ್ಪ ಹೊತ್ತಿಗೆ ಅವಳ ಕಡೆ ನೋಡಿದೆ. ಅಮ್ಮಮ್ಮಾ! ಮುತ್ತು ಪೋಣಿಸಲು ಇಟ್ಟಹಾಗಿತ್ತು. ಒಂದೇ ಅಳತೆ, ಒಂದೇ ದುಂಡು, ಮೇಲೆ ಬೆಣ್ಣೆಯ ಹೊಳಪು. ಹುಡುಕಿದರೂ ಒಂದು ಬಿರುಕಿಲ್ಲ.

“ಎಲ್ಲಿ ಕಲಿತೆ ಇದನ್ನ?” ಅಂದೆ.

“ನಮ್ಮ ಕಡಿ ಪಂಚಮಿಗಿ ಉಂಡಿ ಕಟ್ತೀವಲ್ರಿ ಅಕ್ಕಾರ. ಗಟ್ಟಿ ಒತ್ತಿ ಒತ್ತಿ ಕಟ್ಟಬೇಕ್ರಿ. ಬಿರುಕು ಬಿಟ್ರ ನಮ್ಮವ್ವ ತಲಿಗಿ ಮೊಟಕ್ತಿದ್ಲು.” ನಕ್ಕಳು. “ಇದಕ್ಕೂ ಹಿಂಗೇ ನಡೀತದೇನ್ರಿ?”

ಹೇಳುವುದಕ್ಕೆ ಬಾಯಿ ತೆರೆದಿದ್ದೆ. ನಿಜವಾಗಿ ತೆರೆದಿದ್ದೆ. ‘ಅಯ್ಯೋ ಹುಚ್ಚಿ, ಅದು ಎಣ್ಣೆಗೆ ಬೀಳದ ಉಂಡೆ, ಇದು ಎಣ್ಣೆಗೆ ಬೀಳೋದು’ ಎಂಬ ಮಾತು ನಾಲಿಗೆಯ ಮೇಲಿತ್ತು. ಆಗ ಮೇಡಂ ಒಳಗೆ ಬಂದರು. ತಲೆಗೆ ಸ್ನಾನ ಮಾಡಿ ಟವೆಲ್ ಸುತ್ತಿಕೊಂಡಿದ್ದರು. ಪಂಚೆಯನ್ನು ನೋಡಿ ಹಾಗೇ ನಿಂತರು.

“ಓ, ಬ್ಯೂಟಿಫುಲ್! ಲಕ್ಷ್ಮೀ, ಇದು ನೀನು ಮಾಡಿದ್ದಾ?” ಬಗ್ಗಿ ನನ್ನ ಕಡೆಯದನ್ನೂ ನೋಡಿದರು. “ಮುನಿಶಾಮಮ್ಮ, ನಿಮ್ಮ ಕೈ ನಡುಗುತ್ತೆ ಈಗೀಗ, ಅಲ್ವಾ? ನಿಮ್ಮದು ನೋಡಿ, ಎಲ್ಲಾ ಒಡೆದ್ಹೋಗಿದೆ. ಇಷ್ಟು ವರ್ಷ ಹೀಗೇ ತಿಂತಿದ್ವಾ ನಾವು?”

ನಗುತ್ತಲೇ ಅಂದರು. ಒಳಗೆ ಹೋಗಿ ಕ್ಯಾಮೆರಾ ತಂದು ಅವಳ ಸೀಡೆಯ ಫೋಟೋ ತೆಗೆದರು. ನನ್ನದು ಫೋಟೋದಲ್ಲಿ ಬರಬಾರದೆಂದು ಪಂಚೆಯ ನನ್ನ ಕಡೆಯ ಅಂಚನ್ನು ಕಾಲಿನಿಂದ ಸ್ವಲ್ಪ ಮಡಿಚಿದರು. ಕಾಲಿನಿಂದ. ದೇವರ ತಿಂಡಿ ಅದು.

“ನಿಮ್ಮದನ್ನ ಕೆಲಸದವರಿಗೆ ಇಟ್ಬಿಡೋಣ,” ಎಂದು ಹೊರಟುಹೋದರು.

ಲಕ್ಷ್ಮಿದೇವಿಯ ಮುಖ ಚಿಕ್ಕದಾಗಿತ್ತು. ಮಡಿಚಿದ ಅಂಚನ್ನು ಅವಳೇ ಬಿಡಿಸಿ ಸರಿಮಾಡಿದಳು. “ಅಮ್ಮಾರಿಗಿ ಏನ್ ತಿಳೀತದ್ರಿ ಅಕ್ಕಾರ. ನೀವು ಹೇಳ್ರಿ. ನಿಮ್ಮಂಗ ಮಾಡ್ಲಾ, ಇಲ್ಲಾ ಹಿಂಗೇ ಮಾಡ್ಲಾ?”

ಕೇಳಿದಳು ನೋಡಿ. ಎರಡನೇ ಸಲ ಕೇಳಿದಳು. ಯಾರೂ ನನ್ನ ಬಾಯಿ ಹೊಲಿದಿರಲಿಲ್ಲ.

“ನಿಂದೇ ಸರಿ ಕಣೇ,” ಅಂದೆ. “ಇನ್ನೂ ನುಣ್ಣಗೆ ಮಾಡು. ಒಂದೂ ಬಿರುಕಿರಬಾರದು.”

ಅವಳು ಖುಷಿಯಾದಳು. ಮಾಡಿದ್ದನ್ನೆಲ್ಲ ತಿರುಗಿ ಕೈಗೆ ತೆಗೆದುಕೊಂಡು, ಒಂದೊಂದನ್ನೂ ಮತ್ತೊಮ್ಮೆ ಒತ್ತಿ ಒತ್ತಿ ನುಣುಪು ಮಾಡಿದಳು. ನನ್ನ ಪಾಲಿನ ಹಿಟ್ಟನ್ನೂ ಕೇಳಿ ಪಡೆದಳು. “ನೀವು ಕುಂದ್ರಿ ಅಕ್ಕಾರ, ನಾ ಮಾಡ್ತೀನಿ” ಅಂದಳು. ನಾನು ಗೋಡೆಗೆ ಒರಗಿ ಕಾಲು ಚಾಚಿ ಕೂತು ನೋಡಿದೆ.

ಮಧ್ಯಾಹ್ನ ಎರಡಕ್ಕೆ ಬಾಣಲೆ ಇಟ್ಟೆವು. ಯಾವತ್ತೂ ಮೊದಲು ಎರಡೇ ಎರಡು ಸೀಡೆ ಬಿಟ್ಟು, ಮುಚ್ಚಳವನ್ನು ಗುರಾಣಿಯಂತೆ ಹಿಡಿದು ನೋಡುವವಳು ನಾನು. ಅವತ್ತು ಅದನ್ನೂ ಹೇಳಲಿಲ್ಲ. ಬಾಣಲೆ ಅವಳಿಗೆ ಬಿಟ್ಟೆ.

“ಕಲಿಯೋಳು ನೀನು, ನೀನೇ ಕರಿ. ಒಂದು ಬೊಗಸೆ ಒಟ್ಟಿಗೆ ಹಾಕು. ಬಣ್ಣ ತಿರುಗೋದನ್ನ ಹತ್ತಿರದಿಂದ ನೋಡ್ಬೇಕು, ಇಲ್ಲದಿದ್ರೆ ಗೊತ್ತಾಗಲ್ಲ.”

ಹೇಳಿ ನಾನು ಪಕ್ಕದ ಸ್ಟೋರ್ ರೂಮಿಗೆ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಅಕ್ಕಿ ಡಬ್ಬದ ಮೇಲೆ ಕೈಯಿಟ್ಟು ನಿಂತೆ. ನಾನು ಅಂದುಕೊಂಡಿದ್ದು ಇಷ್ಟೇ: ನಾಲ್ಕಾರು ಸಿಡಿಯುತ್ತವೆ, ಕೈ ಮೇಲೆ ಬೊಬ್ಬೆ ಬರುತ್ತದೆ, ಹೆದರಿ ಓಡುತ್ತಾಳೆ, ಮೇಡಂಗೆ ಬುದ್ಧಿ ಬರುತ್ತದೆ. ಹೀಗೆ ಅಂದುಕೊಂಡಿದ್ದೆ ಎಂದು ಆಮೇಲೆ ನನಗೆ ನಾನೇ ತುಂಬ ಸಲ ಹೇಳಿಕೊಂಡಿದ್ದೇನೆ. ಆದರೆ ಹತ್ತಿರದಿಂದ ನೋಡು ಎಂದದ್ದು ಯಾಕೆ?

ಮೊದಲು ಏನೂ ಆಗುವುದಿಲ್ಲ. ಸೀಡೆ ತಳದಲ್ಲಿ ಕೂತು, ಮೆಲ್ಲಗೆ ತೇಲಿ, ಸಣ್ಣಗೆ ಚೊಯ್ ಎನ್ನುತ್ತಿರುತ್ತದೆ. “ಬಣ್ಣ ಬರಾಕತ್ತದ್ರಿ ಅಕ್ಕಾರ!” ಎಂದು ಅವಳು ಕೂಗಿದಳು. ಆ ದನಿಯಲ್ಲಿ ಎಷ್ಟು ಸಂತೋಷವಿತ್ತು.

ಆಮೇಲೆ ಒಂದು ಸಿಡಿಯಿತು. ಅದರ ಹಿಂದೆ ಎಲ್ಲವೂ ಸಿಡಿದವು.

ನಾನು ಬಂದು ನೋಡುವಾಗ ಅವಳು ನೆಲದ ಮೇಲಿದ್ದಳು. ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಎಣ್ಣೆ ಇಳಿಯುತ್ತಿತ್ತು. “ಯವ್ವಾ, ಕಣ್ಣು, ಕಣ್ಣು” ಎನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಬಾಣಲೆಯಲ್ಲಿ ಉಳಿದವು ಇನ್ನೂ ಸಿಡಿಯುತ್ತಲೇ ಇದ್ದವು. ನಾನು ಮುಚ್ಚಳ ಹಾಕಿ ಗ್ಯಾಸ್ ಆರಿಸಿದೆ. ಮೊದಲು ಆರಿಸಿದ್ದು ಗ್ಯಾಸ್, ಆಮೇಲೆ ಅವಳ ಹತ್ತಿರ ಹೋದೆ.

ಮೇಡಂ ಓಡಿಬಂದು ಕಿರುಚಿದರು. ತಣ್ಣೀರು ಸುರಿಸಿದರು. ಡ್ರೈವರನ್ನು ಕೂಗಿದರು. ಅವಳನ್ನು ಹಿಡಿದುಕೊಂಡು ಹೋಗುವಾಗ, “ಸೀಟಿಗೆ ಹಳೇ ಬೆಡ್‌ಶೀಟ್ ಹಾಕಪ್ಪ, ಎಣ್ಣೆ ಆಗುತ್ತೆ” ಅಂದರು. ಕಾರು ಗೇಟು ದಾಟಿದ ಮೇಲೆ ಸೂರು ನೋಡಿದರು, ಗೋಡೆ ನೋಡಿದರು, ಗಡಿಯಾರ ನೋಡಿದರು.

“ಆರು ಗಂಟೆಗೆ ಎಲ್ಲಾ ಬಂದ್ಬಿಡ್ತಾರೆ. ಈಗೇನ್ರೀ ಮಾಡೋದು ಮುನಿಶಾಮಮ್ಮ?”

“ನಾನಿದೀನಲ್ಲಮ್ಮಾ,” ಅಂದೆ.

ಅವಳ ಸೀಡೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಮುರಿದೆ. ಒಂದು ಹನಿ ನೀರು ಚಿಮುಕಿಸಿ ಮತ್ತೆ ಕಲಸಿ, ಒಬ್ಬಳೇ ಕೂತು ಒರಟೊರಟಾಗಿ ಉರುಳಿಸಿದೆ. ಐದೂವರೆಗೆ ಎರಡು ದೊಡ್ಡ ಡಬ್ಬ ತುಂಬಿದವು. ಒಂದೇ ಒಂದು ಸಿಡಿಯಲಿಲ್ಲ. ನನ್ನ ಕೈಯೂ ನಡುಗಲಿಲ್ಲ. ಆ ಸಂಜೆ ಹೆಂಗಸರು ಅಡುಗೆಮನೆಯ ಬಾಗಿಲಿಗೆ ಬಂದು, “ಈ ವರ್ಷದ್ದು ಎಲ್ಲಾದಕ್ಕಿಂತ ಚೆನ್ನಾಗಿದೆ” ಅಂದರು. ಮೇಡಂ ನನ್ನ ಭುಜದ ಮೇಲೆ ಕೈಯಿಟ್ಟು, “ಇವರಿಲ್ಲದಿದ್ರೆ ಈ ಮನೇಲಿ ಹಬ್ಬಾನೇ ಇಲ್ಲ” ಅಂದರು. ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಸಂತೋಷವಾಯಿತು.

ದೀಪಾವಳಿಗೆ ಹದಿನೈದು ದಿನವಿರುವಾಗ ಲಕ್ಷ್ಮಿದೇವಿ ಹಲಸೂರಿಗೆ ಹುಡುಕಿಕೊಂಡು ಬಂದಳು. ನಾನು ಬಾಗಿಲಲ್ಲಿ ಹೂ ಕಟ್ಟುತ್ತಿದ್ದೆ. ಕೆನ್ನೆಯಿಂದ ಹಣೆಯವರೆಗೆ ಚರ್ಮ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಬಲಗಣ್ಣು ಇರಲಿಲ್ಲ, ರೆಪ್ಪೆ ಅಂಟಿಕೊಂಡುಬಿಟ್ಟಿತ್ತು. ಮೇಡಂ ಮನೆಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ನನ್ನ ತಲೆ ಮೇಲೇಳಲಿಲ್ಲ. ಬಂತು, ಈಗ ಬೀದಿಯವರೆಲ್ಲ ಕೇಳುವಂತೆ ಬೈಯುತ್ತಾಳೆ ಎಂದುಕೊಂಡೆ.

ಅವಳು ನನ್ನ ಮುಂದೆ ನೆಲದ ಮೇಲೆ ಕೂತಳು.

“ಒಂದ್ ಕಣ್ಣ ಹೋತ್ರಿ ಅಕ್ಕಾರ, ಹೋಗ್ಲಿ. ಇನ್ನೊಂದ್ ಅದ. ಕೈ ಎರಡೂ ಅವ. ನಮ್ಮ ಓಣ್ಯಾಗ ಒಬ್ರು ದೀಪಾವಳಿಗಿ ತಿಂಡಿ ಮಾಡಿಕೊಡು ಅಂತ ಕೇಳ್ಯಾರ್ರಿ. ಮಾಡ್ಬೇಕು ಅಂತ ಆಸಿ ಅದ. ನೀವ್ ಹೇಳ್ದಂಗೇ ಮಾಡಿದ್ನಲ್ರಿ ಅವತ್ತು. ನಾ ಏನ್ ತಪ್ಪ್ ಮಾಡೀನಿ ಅಂತ ಹೇಳ್ರಿ, ತಿದ್ಕೋತೀನಿ.”

ಎರಡೂ ಕೈಯನ್ನು ನನ್ನ ಮಡಿಲ ಮೇಲೆ ಚಾಚಿದಳು. ಹಿಡಿದು ನೋಡಿದೆ. ಅಗಲವಾದ ತಂಪು ಅಂಗೈ, ಚಿಕ್ಕ ಬೆರಳು. ಇಷ್ಟು ವರ್ಷದಲ್ಲಿ ಇಂಥ ಒಳ್ಳೆಯ ಕೈಯನ್ನು ನಾನು ನೋಡಿಲ್ಲ. ನಮ್ಮತ್ತೆಯದೂ ಹೀಗಿರಲಿಲ್ಲ, ನನ್ನದಂತೂ ಅಲ್ಲವೇ ಅಲ್ಲ. ಒತ್ತಬೇಡ, ಒರಟಾಗಿ ಬಿಡು ಎಂದು ಹೇಳಿದ್ದರೆ ಸಾಕಿತ್ತು. ಬೆಂಗಳೂರಿನಲ್ಲಿ ಇವಳನ್ನು ಮೀರಿಸುವವರು ಇರುತ್ತಿರಲಿಲ್ಲ.

“ತಪ್ಪು ಏನೂ ಮಾಡಿಲ್ಲ ಕಣಮ್ಮ,” ಅಂದೆ. “ಕೈಗುಣ ಅಂತ ಒಂದಿರುತ್ತೆ. ಅದು ನಿನಗಿಲ್ಲ. ಹಬ್ಬದ ಎಣ್ಣೆ ನಿನ್ನ ಕೈಗೆ ಒಗ್ಗಲ್ಲ. ಮತ್ತೆ ಮುಟ್ಟಬೇಡ.”

ಅವಳು ತುಂಬ ಹೊತ್ತು ತನ್ನ ಕೈಯನ್ನೇ ನೋಡಿದಳು. ಹಿಂದಕ್ಕೆ ಎಳೆದುಕೊಂಡು ಸೆರಗಿಗೆ ಒರೆಸಿಕೊಂಡಳು.

“ಆತ್ರಿ. ಇನ್ ಮ್ಯಾಲ ಮುಟ್ಟಂಗಿಲ್ರಿ.” ಎದ್ದು ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. ಯಾರಿಗೂ ಕೇಳಿಸಬಾರದೆಂದು ದನಿ ಇಳಿಸಿದಳು. “ಅಕ್ಕಾರ, ಮಗಳಿಗಿ ಈ ಕೈಲೆ ಉಣಿಸಿದ್ರ ಏನೂ ಆಗಂಗಿಲ್ಲಲ್ರಿ?”

ಎಲ್ಲವನ್ನೂ ಹೇಳಿಬಿಡಬೇಕು ಎನ್ನಿಸಿತು. ಒಂದು ಗಳಿಗೆ ಕಣ್ಣು ಮುಚ್ಚಿ ಯೋಚಿಸುವವಳಂತೆ ಮಾಡಿದೆ. ಅವಳು ಉಸಿರು ಹಿಡಿದು ಕಾಯುತ್ತಿದ್ದಳು.

“ಉಣಿಸು,” ಅಂದೆ. “ಅದಕ್ಕೇನೂ ಆಗಲ್ಲ.”

ಅವಳ ಒಂದು ಕಣ್ಣಿನಲ್ಲಿ ನೀರು ಬಂತು. ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, “ನಿಮ್ಮಂಥೋರು ಸಿಗಂಗಿಲ್ರಿ ಅಕ್ಕಾರ” ಎಂದು ಹೋದಳು.