ಹಗಲು ನಾಟಕದ ದೊರೆ

ಚಿಕ್ಕತಿಮ್ಮಯ್ಯ ಮತ್ತೆ ಎದ್ದು ನಿಂತುಬಿಟ್ಟ.

ಹಾರ್ಮೋನಿಯಂ ನಿಂತಿತು. ಜುಂಜಣ್ಣ ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. ಅವರು ಕನ್ನಡಕ ಒರೆಸತೊಡಗಿದರೆಂದರೆ ಹಿಂದೆಯೇ ಬೈಗುಳ ಬರುತ್ತದೆಂಬುದು ಊರಿಗೆಲ್ಲ ಗೊತ್ತು.

"ಲೋ ತಿಮ್ಮಯ್ಯ, ನೀನು ದೊರೆ ಕಣೋ. ಈಗ ಬಂದೋನು ಬಾಗ್ಲು ಕಾಯೋನು. ದೊರೆ ಎಲ್ಲಾದ್ರೂ ಬಾಗ್ಲು ಕಾಯೋನ್ನ ಕಂಡು ಎದ್ದು ನಿಂತ್ಕಂತಾನೇನೋ?"

"ಗೊತ್ತೈತೆ ಮೇಷ್ಟ್ರೆ. ಕಾಲು ಕೇಳಲ್ವಲ್ಲ, ಏನ್ಮಾಡ್ಲಿ?"

ಚಾವಡಿಯ ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಬಾಗಿಲು ಕಾಯುವವನ ಕೋಲು ಹಿಡಿದು ನಿಂತಿದ್ದ ಲಕ್ಷ್ಮೀನರಸಪ್ಪ ಮಾತ್ರ ನಗಲಿಲ್ಲ. ಅವನು ದೂರದ ರತ್ನಗಿರಿ ಕೋಟೆಯ ಕಡೆ ನೋಡುತ್ತ, ಅಲ್ಲೇನೋ ತುರ್ತಾಗಿ ನೋಡುವಂಥದ್ದು ಇರುವವನಂತೆ ನಿಂತಿದ್ದ.

ಆ ಊರಿನ ದೊರೆ ನಾಟಕಕ್ಕೆ ಒಂದು ಕಟ್ಟುಪಾಡಿತ್ತು. ಪಾತ್ರ ಬೇಕಾದವರು ದುಡ್ಡು ಕೊಟ್ಟು ಪಡೆಯಬೇಕು. ಸೀನರಿ, ಡ್ರೆಸ್ಸು, ಮೇಷ್ಟ್ರ ಸಂಭಾವನೆ, ಎಲ್ಲವೂ ಅದರಿಂದಲೇ ಹುಟ್ಟಬೇಕು. ದೊರೆಯ ಪಾತ್ರಕ್ಕೆ ಎಲ್ಲಕ್ಕಿಂತ ಹೆಚ್ಚು, ಬಾಗಿಲು ಕಾಯುವವನಿಗೆ ಎಲ್ಲಕ್ಕಿಂತ ಕಡಿಮೆ. ಹದಿನೆಂಟು ವರ್ಷ ದೊರೆಯಾಗಿದ್ದವನು ಲಕ್ಷ್ಮೀನರಸಪ್ಪ. ಎಂಟು ಚರಕದ ರೇಷ್ಮೆ ಶೆಡ್ಡಿನ ಸಾಹುಕಾರನಿಗೆ ಅದು ಸಲ್ಲುವ ಪಾತ್ರವೇ. ಅದೇ ಶೆಡ್ಡಿನಲ್ಲಿ ನೂಲು ಬಿಚ್ಚಲು ರೇಷ್ಮೆ ಗೂಡು ಬೇಯಿಸುವ ಚಿಕ್ಕತಿಮ್ಮಯ್ಯ ಹದಿನೆಂಟು ವರ್ಷ ಬಾಗಿಲು ಕಾದಿದ್ದ. ಹೊರಗೆ ಯಾರು ಯಾರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರೋ ರಂಗದ ಮೇಲೂ ಅವರ ಮುಂದೆಯೇ ನಿಲ್ಲುತ್ತಿದ್ದರು. ಹೀಗಾಗಿ ನಾಟಕ ಕಲಿಸುವ ಕೆಲಸ ಜುಂಜಣ್ಣ ಮೇಷ್ಟ್ರಿಗೆ ಅರ್ಧ ಸಲೀಸಾಗಿತ್ತು.

ಈ ವರ್ಷ ಎಲ್ಲ ತಲೆಕೆಳಗಾಯಿತು. ಮದುವೆಗೂ ಜನ ರೇಷ್ಮೆ ಸೀರೆ ಕೊಳ್ಳುವುದು ಬಿಟ್ಟರು. ಧರ್ಮಾವರದಲ್ಲಿ ಮಗ್ಗಗಳು ನಿಂತವು, ಮಗ್ಗ ನಿಂತ ಮೇಲೆ ನೂಲು ಕೇಳುವವರಿಲ್ಲ, ನೂಲು ಕೇಳದಿದ್ದರೆ ಚರಕ ತಿರುಗಿಸಿ ಏನು ಮಾಡುವುದು? ಎಂಟು ಚರಕದ ಶೆಡ್ಡಿಗೆ ಬೀಗ ಬಿದ್ದು ಎರಡು ತಿಂಗಳಾಗಿತ್ತು. ಬೇರೆ ವರ್ಷ ರಾತ್ರಿ ಊಟವಾದ ಮೇಲೆ ನಡೆಯುತ್ತಿದ್ದ ತಾಲೀಮು ಈ ವರ್ಷ ಮಧ್ಯಾಹ್ನವೇ ನಡೆಯುತ್ತಿತ್ತು. ಹಗಲು ಹೊತ್ತು ಯಾರಿಗೂ ಬೇರೆ ಕೆಲಸವಿರಲಿಲ್ಲ.

ಪಾತ್ರ ಹಂಚುವ ದಿನ ಲಕ್ಷ್ಮೀನರಸಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಬಂದಿದ್ದ. "ಈ ಸಲ ನಂಗೆ ಬಾಗ್ಲು ಕಾಯೋ ಪಾತ್ರ ಕೊಡಿ ಮೇಷ್ಟ್ರೆ. ಮೊಣಕಾಲು ನೋವು, ಕಿರೀಟ ಬ್ಯಾರೆ ಭಾರ" ಎಂದ. ನಾಟಕ ಮುಗಿಯುವವರೆಗೂ ನಿಂತೇ ಇರಬೇಕಾದ ಪಾತ್ರದಿಂದ ಮೊಣಕಾಲು ಹೇಗೆ ವಾಸಿಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಪಾತ್ರವೇ ಬೇಡವೆಂದು ಮನೆಯಲ್ಲಿ ಕೂತಿದ್ದರೆ ಸಾಹುಕಾರ ಮುಳುಗಿದನೆಂದು ಊರು ತೀರ್ಮಾನಿಸುತ್ತಿತ್ತು. ಅದು ಅವನಿಗೂ ಗೊತ್ತು, ಊರಿಗೂ ಗೊತ್ತು.

ದೊರೆಯ ಪಾತ್ರಕ್ಕೆ ದುಡ್ಡು ಕೊಡುವ ತಾಕತ್ತು ಉಳಿದದ್ದು ಊರಿನ ಗ್ರಾಮ ಸಚಿವಾಲಯದ ನೌಕರ ರಂಗನಾಥನಿಗೊಬ್ಬನಿಗೇ. ರೇಷ್ಮೆ ಬಿದ್ದರೂ ಎದ್ದರೂ ಅವನ ಸಂಬಳ ಒಂದನೇ ತಾರೀಕಿಗೆ ಬರುತ್ತಿತ್ತು. ಆದರೆ ಊರು ಆಂಧ್ರಕ್ಕೆ ಸೇರಿದ್ದರಿಂದ ಅವನು ಓದಿದ್ದೆಲ್ಲ ತೆಲುಗು ಮೀಡಿಯಂ. ಮಾತುಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು, ಸಂತೆಯ ಸಾಮಾನಿನ ಪಟ್ಟಿ ಓದುವವನಂತೆ ಓದಿದ. ಎರಡು ದಿನ ಕೇಳಿ ಮೇಷ್ಟ್ರು ಕೈಮುಗಿದರು. "ನೀನು ಮಂತ್ರಿ ಆಗಪ್ಪ, ಮಂತ್ರಿಗೆ ಮಾತು ಕಮ್ಮಿ. ದೊರೆ ಪಾತ್ರಕ್ಕೆ ಈ ಸಲ ದುಡ್ಡೇ ಬ್ಯಾಡ. ಮಾತು ಬರೋರು ಯಾರವ್ರೆ?"

ಎಲ್ಲರೂ ಚಿಕ್ಕತಿಮ್ಮಯ್ಯನ ಕಡೆ ತಿರುಗಿದರು. ಹದಿನೆಂಟು ವರ್ಷ ಬಾಗಿಲ ಬಳಿ ನಿಂತು ಅವನು ದೊರೆಯ ಮಾತುಗಳನ್ನೆಲ್ಲ ತುಟಿಯಲ್ಲೇ ಆಡಿಕೊಳ್ಳುತ್ತಿದ್ದುದನ್ನು ಊರೇ ನೋಡಿತ್ತು. ಒಮ್ಮೆಯಾದರೂ ಅವನ್ನು ಗಟ್ಟಿಯಾಗಿ ಆಡಬೇಕೆಂಬ ಆಸೆ ಅವನಿಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಒಪ್ಪಿಕೊಂಡು ಮನೆಗೆ ಬರುವಾಗ ದಾರಿಯುದ್ದಕ್ಕೂ ದೊರೆಯ ಮಾತುಗಳನ್ನು ಆಡಿಕೊಂಡೇ ಬಂದ.

ಹೆಂಡತಿ ನರಸಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಒಪ್ಕಂಡು ಬಂದ್ಯೇನು? ಮೂರನೇ ಸೀನಲ್ಲಿ ಏನೈತೆ, ಗ್ಯಾಪ್ಕ ಐತಾ?"

ಇಲ್ಲದೆ ಏನು? ಮೂರನೇ ಸೀನಿನಲ್ಲಿ ದೊರೆ ಬಾಗಿಲು ಕಾಯುವವನನ್ನು ಕೆಲಸದಿಂದ ತೆಗೆಯುತ್ತಾನೆ. ಕಾವಲಿನಲ್ಲಿ ನಿದ್ದೆ ಹೋದನೆಂಬ ತಪ್ಪಿಗೆ.

"ಶೆಡ್ಡು ಮತ್ತೆ ತೆಗೆದ್ರೆ ಎರಡೇ ಚರಕ ತಿರುಗೋದಂತೆ. ಎಂಟು ಜನದಾಗೆ ಇಬ್ರನ್ನ ಕರೀತಾರೆ. ಊರೆಲ್ಲ ನೋಡೋವಾಗ ನೀನು ಅವ್ರನ್ನ ಕೆಲ್ಸದಿಂದ ತೆಗೀತೀಯ. ಆಮ್ಯಾಕೆ ಅವ್ರು ನಿನ್ನ ಕರೀತಾರಾ?"

"ನಾಟ್ಕ ಅಲ್ವೇನೇ ಅದು."

"ನಾಟ್ಕ ಅಂತ ನಿನ್ನ ಕಾಲಿಗೆ ಯೇಳು. ಸಾವ್ಕಾರ್ರು ಬಂದ್ರೆ ದಿನಾ ಎದ್ದು ನಿಂತ್ಕಳೋದು ನಿನ್ ಕಾಲೇ ಅಲ್ವಾ?"

ನರಸಮ್ಮನಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಶೆಡ್ಡಿಗೆ ಬೀಗ ಹಾಕಿದ ದಿನ ನಡೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅವತ್ತು ಉಳಿದ ಏಳು ಜನ ಹೋದ ಮೇಲೆ ಇವನೊಬ್ಬನೇ ಗೂಡು ಬೇಯುವ ಕೊನೆಯ ಬಾಂಡ್ಲಿಯ ಮುಂದೆ ಇದ್ದ. ಲಕ್ಷ್ಮೀನರಸಪ್ಪ ಬಂದು ಎದುರಿಗೆ ನಿಂತ. "ತಿಮ್ಮಯ್ಯ" ಎಂದ. ಇನ್ನೊಮ್ಮೆ "ತಿಮ್ಮಯ್ಯ" ಎಂದ. ಆ ಮನುಷ್ಯನಿಗೆ ಯಾರನ್ನೂ ಕೆಲಸದಿಂದ ತೆಗೆದು ಅಭ್ಯಾಸವಿರಲಿಲ್ಲ. ತೆಗೆದದ್ದೆಂದರೆ ವರ್ಷಕ್ಕೊಮ್ಮೆ ರಂಗದ ಮೇಲೆ, ಅದೂ ಇವನನ್ನೇ. ಕೊನೆಗೆ ಬಾಯಿಗೆ ಬಂದದ್ದು ನಾಟಕದ ಆ ಮಾತೇ: "ಇಂದಿನಿಂದ ನಿನಗೆ ಇಲ್ಲಿ ಕೆಲಸವಿಲ್ಲ."

ಹೇಳಿ ಅವನೇ ಬೆಚ್ಚಿದ. ಚಿಕ್ಕತಿಮ್ಮಯ್ಯನೂ ನಾಟಕದಲ್ಲಿ ಕೋಲಿಟ್ಟು ಹೊರಡುವಾಗ ಮಾಡುವಂತೆಯೇ ಮಾಡಿದ. ಕೋಲಿನ ಬದಲು ಕೈಯಲ್ಲಿದ್ದದ್ದು ಗೂಡು ತಿರುವುವ ಸೌಟು, ಅದು ಒದ್ದೆಯಿತ್ತು. ಹೆಗಲ ಟವಲಿನಿಂದ ಅದನ್ನು ನಿಧಾನವಾಗಿ ಒರೆಸಿದ, ಸಾಹುಕಾರನ ಕಾಲ ಬಳಿ ಇಟ್ಟ, ಮೂರು ಹೆಜ್ಜೆ ಹಿಂದೆ ನಡೆದು ತಿರುಗಿ ಹೊರಟ. ಮಡಕಶಿರಾ ರಸ್ತೆಗೆ ಬಂದ ಮೇಲೆಯೇ ಅವನಿಗೆ ಇದು ನಾಟಕವಲ್ಲವೆಂದು ಹೊಳೆದದ್ದು. ನಾಟಕದಲ್ಲಾದರೆ ಆ ಸೀನು ಮುಗಿದ ಕೂಡಲೇ ಪರದೆಯ ಹಿಂದೆ ಸಾಹುಕಾರನೇ ಟೀ ಕೊಡಿಸುತ್ತಿದ್ದ.

ಹದಿನೈದು ದಿನ ತಾಲೀಮು ನಡೆಯಿತು. ಚಿಕ್ಕತಿಮ್ಮಯ್ಯ ಹದಿನೈದು ದಿನವೂ ಎದ್ದ. ಮೂರನೇ ಸೀನಿನ ಮಾತನ್ನು ಮಾತ್ರ ಅವನು ಒಮ್ಮೆಯೂ ಪೂರ್ತಿ ಆಡಲಿಲ್ಲ. ಅಷ್ಟು ಹೊತ್ತಿಗೆ ಗಂಟಲು ಕಟ್ಟಿದೆ ಎನ್ನುತ್ತಿದ್ದ. ಲಕ್ಷ್ಮೀನರಸಪ್ಪ ಕೋಲನ್ನು ಗೋಡೆಗೆ ಒರಗಿಸಿ, ಬೀಡಿ ಹಚ್ಚಿಕೊಂಡು ಆಚೆ ಹೋಗುತ್ತಿದ್ದ.

"ನಾಟ್ಕದ ದಿನಾನೂ ಇಂಗೇ ಮಾಡಿದ್ರೆ ರಂಗನಾಥನ ತಲೆಗೇ ಕಿರೀಟ ಇಡ್ತೀನಿ. ಓದ್ಕಂಡೇ ಯೇಳ್ಲಿ" ಎಂದರು ಮೇಷ್ಟ್ರು.

ನಾಟಕ ಭಾನುವಾರ ಹಗಲು. ಲೈಟಿನ ಬಾಡಿಗೆ, ಜನರೇಟರಿನ ಬಾಡಿಗೆ ಉಳಿಯಲಿ ಎಂದು. ಪರದೆಯೂ ಒಂದೇ, ಅರಮನೆಯದು. ಹೀಗಾಗಿ ಕಾಡಿನ ಸೀನೂ ಅರಮನೆಯಲ್ಲೇ ನಡೆಯಬೇಕಿತ್ತು. ಜನ ತಲೆಯ ಮೇಲೆ ಟವಲು, ಸೆರಗು, ಛತ್ರಿ ಹಾಕಿಕೊಂಡು ಕೂತರು. ಬಿಸಿಲಿನಲ್ಲಿ ಕಿರೀಟದ ಗಾಜಿನ ಹರಳುಗಳು ಹೊಳೆದದ್ದು ನೋಡಿ ಮಕ್ಕಳು ಸಿಳ್ಳೆ ಹೊಡೆದರು. ನರಸಮ್ಮ ಮುಂದಿನ ಸಾಲಿನಲ್ಲೇ ಇದ್ದಳು, ಮುಖ ಸಿಂಡರಿಸಿಕೊಂಡು.

ಮೊದಲೆರಡು ಸೀನು ಚೆನ್ನಾಗಿ ಹೋದವು. ಚಿಕ್ಕತಿಮ್ಮಯ್ಯನ ದನಿ ಅಷ್ಟು ದೊಡ್ಡದೆಂದು ಊರಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ.

ಮೂರನೇ ಸೀನು. ಲಕ್ಷ್ಮೀನರಸಪ್ಪ ಹಳೇ ಖಾಕಿ ಅಂಗಿ, ಕೆಂಪು ರುಮಾಲಿನಲ್ಲಿ ಬಂದು ತಲೆ ತಗ್ಗಿಸಿ ನಿಂತ. ಆ ರುಮಾಲು ಹದಿನೆಂಟು ವರ್ಷ ಚಿಕ್ಕತಿಮ್ಮಯ್ಯನ ತಲೆಯ ಮೇಲಿದ್ದದ್ದು. ಕಾಲು ಎದ್ದೇನೆಂದಿತು. ಅವನು ಕುರ್ಚಿಯ ಹಿಡಿಗಳನ್ನು ಹಿಡಿದುಕೊಂಡ.

"ಎಲವೋ ಕಾವಲುಗಾರ! ನಿನ್ನನ್ನು ನಂಬಿ ನಾವು ಕಣ್ಣು ಮುಚ್ಚಿದೆವು. ನೀನೂ ಮುಚ್ಚಿದೆಯಾ?"

ಅಲ್ಲಿಗೆ ನಿಂತಿತು. ಮುಂದಿನ ಮಾತು ಗೊತ್ತಿಲ್ಲವೆಂದಲ್ಲ, ಅದು ಬಾಯಿಯಿಂದ ಹೊರಡಲೊಲ್ಲದು. ಬಾಂಡ್ಲಿಯ ಹಬೆ ಮುಖಕ್ಕೆ ಬಡಿದಂತಾಯಿತು. ಮೇಷ್ಟ್ರು ಹಾರ್ಮೋನಿಯಂನ ಒಂದೇ ಸ್ವರವನ್ನು ಎಳೆದರು, ಇನ್ನೂ ಎಳೆದರು. ಪರದೆಯ ಪಕ್ಕದಿಂದ ರಂಗನಾಥ ಕಾಗದ ಹಿಡಿದು ಇಣುಕಿದ. ಜನರ ನಡುವೆ ಯಾರೋ ಕೆಮ್ಮಿದರು. ಎಲ್ಲ ಮುಗಿಯಿತು, ದೊರೆತನ ಹೋಯಿತು, ಶೆಡ್ಡಿನ ಕೆಲಸವೂ ಹೋಯಿತು ಎಂದುಕೊಂಡ ಚಿಕ್ಕತಿಮ್ಮಯ್ಯ.

"ತಿಮ್ಮಯ್ಯ."

ತಗ್ಗಿದ ತಲೆಯ ಕೆಳಗಿನಿಂದ ಬಂದ ಮೆಲ್ಲನೆಯ ದನಿ. ಲಕ್ಷ್ಮೀನರಸಪ್ಪ ತುಟಿ ಮಾತ್ರ ಅಲ್ಲಾಡಿಸುತ್ತಿದ್ದ.

"ಇಂದಿನಿಂದ… ಮಾತು ಯೇಳೋ ತಿಮ್ಮಯ್ಯ. ಇಂದಿನಿಂದ ನಿನಗೆ ಇಲ್ಲಿ ಕೆಲಸವಿಲ್ಲ. ಅನ್ನು, ನಿಂಗೇನೂ ಆಗಲ್ಲ."

ಚಿಕ್ಕತಿಮ್ಮಯ್ಯ ಉಸಿರೆಳೆದುಕೊಂಡ.

"ಇಂದಿನಿಂದ ನಿನಗೆ ಇಲ್ಲಿ ಕೆಲಸವಿಲ್ಲ! ಕೋಲನ್ನಿಟ್ಟು ಹೊರಡು!"

ಮಾತು ಚಾವಡಿ ದಾಟಿ ಅರಳಿಕಟ್ಟೆಯವರೆಗೂ ಹೋಯಿತು. ಛತ್ರಿಗಳು ಅಲ್ಲಾಡುವುದು ನಿಂತಿತು.

ಲಕ್ಷ್ಮೀನರಸಪ್ಪ ಕೂಡಲೇ ಹೊರಡಲಿಲ್ಲ. ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ. ಇಷ್ಟು ವರ್ಷದ ನಾಟಕದಲ್ಲಿ ಇದು ಇರಲಿಲ್ಲ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಅವನು ಕೋಲನ್ನು ಮೇಲಿನಿಂದ ಕೆಳಗಿನವರೆಗೆ, ನಿಧಾನವಾಗಿ, ಸುತ್ತಲೂ ಒರೆಸಿದ. ಒದ್ದೆ ಸೌಟಲ್ಲ, ಒಣ ಬಿದಿರಿನ ಕೋಲು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ನೋವಿನ ಮೊಣಕಾಲು ಬಗ್ಗಿಸಿ ಅದನ್ನು ದೊರೆಯ ಕಾಲ ಬಳಿ ಇಟ್ಟ, ಮೂರು ಹೆಜ್ಜೆ ಹಿಂದೆ ನಡೆದ, ತಿರುಗಿದ, ಬಿಸಿಲಿನಲ್ಲಿ ಹಲಗೆಯ ಮೆಟ್ಟಿಲು ಇಳಿದು ಹೋದ.

ಚಿಕ್ಕತಿಮ್ಮಯ್ಯನ ಕಣ್ಣಿಗೆ ಜನ ಮಸುಕಾದರು. ಎರಡೂ ಕೈಗಳಿಂದ ಕುರ್ಚಿಯ ಹಿಡಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಆ ಕೋಲನ್ನೇ ನೋಡುತ್ತ, ಅವನು ಕೂತೇ ಇದ್ದ.