ಹಸಿ ಉಸುಕಿನ ಮೇಲೆ ಕೂತ ಬಕೆಟ್ಟು

"ಇದಕ್ಕೇನ ಧಾಡಿ ಆಗೇತಿ?"

ಸುಬೇದಾರ ಭರಮಪ್ಪ ಹುದಲಿಯವರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಹೀಗೆ ಕೇಳಿದಾಗ ಪಡಸಾಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ನನ್ನನ್ನಂತೂ ಅವರು ಕೇಳಲಿಲ್ಲ. ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ಚಳಿ. ಬೆಳಗಾವಿಯ ಡಿಸೆಂಬರು, ಬುಡದಲ್ಲಿ ಹಸಿ ಉಸುಕು, ಹೊಟ್ಟೆಯಲ್ಲಿ ಇನ್ನೂ ಬಿಯರಾಗಬೇಕಾದ ಇಪ್ಪತ್ತು ಲೀಟರು ಸಿಹಿನೀರು. ಧಾಡಿ ಆಗಿದ್ದು ನನಗಲ್ಲ, ನನ್ನನ್ನು ಅಲ್ಲಿ ಕೂರಿಸಿದವರ ಬುದ್ಧಿಗೆ.

ನಾನೊಂದು ಬಿಳಿ ಪ್ಲಾಸ್ಟಿಕ್ ಬಕೆಟ್ಟು. ಕಾದ ಅಚ್ಚಿನೊಳಗಿಂದ ನನ್ನ ಜೊತೆ ಹುಟ್ಟಿ ಬಿದ್ದವರೆಲ್ಲ ಗೋಡೆಯ ಬಣ್ಣ ತುಂಬಿಸಿಕೊಂಡು ಲಾರಿ ಹತ್ತಿದರು. ನನಗೆ ಮಾತ್ರ ಬುಡದಲ್ಲೊಂದು ನಲ್ಲಿ ಕೂರಿಸಿದರು. ಮುಚ್ಚಳದ ನೆತ್ತಿಗೆ ತೂತು ಕೊರೆದು ಡೊಂಕು ನಳಿಗೆಯೊಂದನ್ನು ಸಿಕ್ಕಿಸಿದರು. ಅದರಲ್ಲಿ ನಾಲ್ಕು ಚಮಚ ನೀರು ನಿಲ್ಲಿಸಿದರೆ ಒಳಗಿನ ಗಾಳಿ ಗುಳುಕ್ ಎಂದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಅದೇ ನನ್ನ ಬಾಯಿ, ಅದೊಂದೇ ನನ್ನ ಮಾತು. ಮೊಳೆತ ಬಾರ್ಲಿಯ ಪಾಕ ತುಂಬಿದ ಮಾಲ್ಟಿನ ಡಬ್ಬಿ, ಯೀಸ್ಟಿನ ಎರಡು ಪೊಟ್ಟಣ, ತೇಲಿಬಿಟ್ಟರೆ ಸಿಹಿ ಎಷ್ಟು ಉಳಿದಿದೆಯೆಂದು ಹೇಳುವ ಗಾಜಿನ ಕಡ್ಡಿ, ಇವುಗಳ ಜೊತೆ ನನ್ನನ್ನೂ ಪೆಟ್ಟಿಗೆಗೆ ತುಂಬಿ, ಮನೆಯಲ್ಲೇ ಬಿಯರು ಮಾಡಿಕೊಳ್ಳಿ ಎಂದು ಮೇಲೆ ಬರೆದರು.

ಮೊದಲು ಕೊಂಡವರು ಹುಬ್ಬಳ್ಳಿಯ ಒಬ್ಬ ಹಲ್ಲಿನ ಡಾಕ್ಟರು. ಕೊಂಡ ಹುರುಪು ಪೆಟ್ಟಿಗೆ ಒಡೆಯುವವರೆಗೂ ಉಳಿಯಲಿಲ್ಲ. ಡಬ್ಬಿ ಪೊಟ್ಟಣಗಳನ್ನು ಕಪಾಟಿಗೆ ಸೇರಿಸಿ, ಎಂಟು ತಿಂಗಳು ನನ್ನಲ್ಲಿ ತಮ್ಮ ಬಿಳಿ ಕೋಟುಗಳನ್ನು ನೆನೆಹಾಕಿದರು. ಹುಟ್ಟಿದ್ದು ಯಾವ ನೊರೆಗೆ, ಹೊತ್ತದ್ದು ಯಾವ ನೊರೆ! ಆಮೇಲೆ ಸುಬೇದಾರರು ಅವರಲ್ಲಿ ಹಲ್ಲಿನ ಸೆಟ್ಟು ಕಟ್ಟಿಸಿಕೊಳ್ಳಲು ಬಂದರು. ಡಾಕ್ಟರು ಕಪಾಟಿನ ಡಬ್ಬಿ ಪೊಟ್ಟಣಗಳ ಸಮೇತ ನನ್ನನ್ನು ಅವರಿಗೆ ದಾಟಿಸಿದರು; ಹಲ್ಲಿನ ಬೆನ್ನಿಗೇ ನಾನೂ ಬೆಳಗಾವಿಗೆ ಬಂದೆ.

ಸುಬೇದಾರರ ಮನೆಗೆ ಪ್ರತಿ ಜನವರಿ ಹದಿನೈದಕ್ಕೆ, ಸೈನ್ಯದ ದಿನದಂದು, ಅವರ ಹಳೆಯ ತುಕಡಿಯ ಎಂಟು ಮಂದಿ ಊಟಕ್ಕೆ ಬರುತ್ತಿದ್ದರು. ಈ ಸಲ ಅವರು ಎಂಟೂ ಮಂದಿಗೆ ಫೋನು ಮಾಡಿ, ಬಾಟಲಿ ತರಬ್ಯಾಡ್ರಿ, ನನ್ನ ಕೈಯಾರೆ ಮಾಡಿದ ಬಿಯರು ಕುಡಿಸುತ್ತೇನೆ ಎಂದು ಹೇಳಿಬಿಟ್ಟರು. ಹವಾಲ್ದಾರ ಕೆಂಪಣ್ಣ ಮಾತ್ರ, ಮೊದಲು ನೀರು ಕಾಸೂದು ಕಲಿ ಎಂದು ನಕ್ಕನಂತೆ. ಆ ನಗೆ ಇವರ ಎದೆಯಲ್ಲಿ ನಾಟಿತು.

ಡಿಸೆಂಬರ್ ಐದಕ್ಕೆ ಕೆಲಸ ಶುರುವಾಯಿತು. ಜೋನಿಬೆಲ್ಲದಂಥ ಕರಿ ಮಾಲ್ಟು, ಸಕ್ಕರೆ, ನೀರು, ಯೀಸ್ಟು ಎಲ್ಲವನ್ನೂ ಚೀಟಿಯಲ್ಲಿ ಬರೆದಂತೆಯೇ ಹಾಕಿದರು. ಅಲ್ಲಿಯವರೆಗೆ ನನ್ನ ತಕರಾರಿಲ್ಲ. ತಂಪಾದ ಜಾಗದಲ್ಲಿಡಿ ಎಂದೂ ಅದೇ ಚೀಟಿಯಲ್ಲಿತ್ತು. ಬರೆದವರು ಮನೆಯೊಳಗೆ ಒಲೆ ಉರಿಸಿಕೊಂಡು ಬದುಕುವ ಯಾವುದೋ ಹಿಮದ ನಾಡಿನವರು. ಅವರ ತಂಪು ನಮಗೆ ಬೆಚ್ಚಗೆ. ಈ ಮನೆಯಲ್ಲಿ ತಂಪು ಎಂದರೆ ಒಂದೇ ಜಾಗ. ಪಡಸಾಲೆಯ ಬಡಗಣ ಮೂಲೆಯಲ್ಲಿ ಕುಡಿಯುವ ನೀರಿನ ಹರವಿ ಕೂರುವ ಹಸಿ ಉಸುಕು. ಸುಬೇದಾರರು ಹರವಿ ಎತ್ತಿ ಪಕ್ಕಕ್ಕಿಟ್ಟು, ಉಸುಕಿಗೆ ಇನ್ನೆರಡು ತಂಬಿಗೆ ನೀರು ಸುರಿದು, ನನ್ನನ್ನು ಅದರ ಮೇಲೆ ಕೂರಿಸಿ ಎದೆಯುಬ್ಬಿಸಿ ನಿಂತರು.

ಮೂರು ದಿನ ಗುಳುಕ್ ಗುಳುಕ್ ಎಂದೆ. ನಾಲ್ಕನೆಯ ದಿನ ಉಸಿರು ಸಣ್ಣದಾಯಿತು. ಐದನೆಯ ದಿನ ನಿಂತಿತು. ಸಿಹಿ ತಿಂದು ಬಿಯರು ಮಾಡುವ ಯೀಸ್ಟು ಎಂಬುದು ಜೀವ, ಸ್ವಾಮಿ. ಚಳಿ ಹತ್ತಿದರೆ ಅದೂ ಮುದುಡಿಕೊಂಡು ತಳ ಹಿಡಿಯುತ್ತದೆ. ಸುಬೇದಾರರು ದಿನಾ ಬೆಳಿಗ್ಗೆ ಆರಕ್ಕೆ ಬಂದು ಮುಚ್ಚಳ ತೆಗೆದು, ಮೂಸಿ, ಗಾಜಿನ ಕಡ್ಡಿ ಇಳಿಬಿಡುತ್ತಿದ್ದರು. ಪಲ್ಟನಿನ ತಪಾಸಣೆ! ಹತ್ತರ ಗೆರೆಗೆ ಇಳಿಯಬೇಕಾದ ಕಡ್ಡಿ ಮೂವತ್ತರಲ್ಲೇ ನಿಂತಿತ್ತು. ಮೊದಲು ನನ್ನನ್ನು ಬೈದರು: ಕಳಪೆ ಮಾಲು, ಸೋರುತ್ತಿರಬೇಕು. ನಾನು ಒಂದು ಹನಿ ಸೋರಿದವನಲ್ಲ. ಆ ಮಾತಿನ ಉರಿ ನನಗೆ ಇವತ್ತಿಗೂ ಆರಿಲ್ಲ.

ಆದರೆ ಅದಕ್ಕಿಂತ ಉರಿಸಿದ್ದು ಮುಂದಿನ ಮಾತು. ಹೆಂಡತಿ ಬಾಳವ್ವ ಚಹಾ ತಂದಿಟ್ಟಾಗ ಆಕೆಯ ಮುಖ ನೋಡದೆ ಹೇಳಿದರು.

"ನಿನ್ನ ಬಾಯಿ ತಾಗೇತಿ ಇದಕ್ಕ. ಮನ್ಯಾಗ ಇದೆಲ್ಲಾ ಯಾಕ ಅಂದಿದ್ದೆಲ್ಲ, ಈಗ ತಣ್ಣಗ ಆತಿಲ್ಲೋ?"

ಬಾಳವ್ವ ಚಹಾ ತಂದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮೊದಲೇ ಮಾತು ಕಡಿಮೆಯ ಹೆಂಗಸು. ಆಕೆಯ ಅಪ್ಪ ದಿನಾ ಸಂಜೆ ದೇವರ ಮುಂದೆ ಕೂತು ಕಾವ್ಯ ಓದುತ್ತಿದ್ದರಂತೆ. ಕಂಬಕ್ಕೊರಗಿ ಕೇಳುತ್ತ ಬೆಳೆದವಳು. ಈಗಲೂ ಮಠದಲ್ಲಿ ಪುರಾಣವಿದ್ದರೆ ಎಲ್ಲರಿಗಿಂತ ಹಿಂದೆ ಕೂತು ಕಣ್ಣು ಮುಚ್ಚಿ ಕೇಳಿ ಬರುತ್ತಾಳೆ. ಬಿಯರನ್ನು ಬಾಯಿಗಿಡುವುದಿರಲಿ, ನನ್ನ ಹತ್ತಿರ ಸುಳಿದವಳಲ್ಲ. ಒಂದು ಹದ ಕೆಡಲಿ ಎಂದು ಹಾರೈಸಿದಳೆಂಬ ಮಾತನ್ನು ಮಾತ್ರ ಆಕೆಗೆ ತಡೆದುಕೊಳ್ಳಲಾಗಲಿಲ್ಲ. ಮೂವತ್ತೆಂಟು ವರ್ಷ ಹಾಲಿಗೆ ಹೆಪ್ಪು ಹಾಕಿದ ಕೈ ಅದು.

ಮರುದಿನ ಮಧ್ಯಾಹ್ನ ಸುಬೇದಾರರು ಮಿಲಿಟರಿ ಕ್ಯಾಂಟೀನಿಗೆ ಹೋದರು. ಬಾಳವ್ವ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಕೂತಳು. ಮುಚ್ಚಳ ತೆಗೆಯಲಿಲ್ಲ. ನನ್ನ ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಓದುವವನು ಪದ್ಯ ಮುಗಿಸಿ ನಿಲ್ಲಿಸುವುದು ಬೇರೆ, ಉಸಿರು ಸಾಲದೆ ನಿಲ್ಲಿಸುವುದು ಬೇರೆ. ಅದನ್ನು ಕೇಳಿ ಬಲ್ಲ ಕಿವಿ.

"ಸತ್ತಿಲ್ಲ. ಮಕ್ಕೊಂಡೇತಿ," ಎಂದಳು. ನನ್ನ ಮಾತು ಕೇಳಿಸಿಕೊಂಡವರಲ್ಲಿ ಆಕೆಯೇ ಮೊದಲಿಗಳು.

ಗೋಣಿತಟ್ಟಿನ ಮೇಲೆ ಕೂರಿಸಿ ನನ್ನನ್ನು ಅಡುಗೆಮನೆಯವರೆಗೆ ಎಳೆದಳು. ಬಚ್ಚಲ ಒಲೆಯ ಕಾವು ಗೋಡೆ ದಾಟಿ ಬರುವ ಮೂಲೆಯಲ್ಲಿ ಎರಡು ಜೋಳದ ಚೀಲಗಳಿದ್ದವು. ಚಳಿಗಾಲದಲ್ಲಿ ಆಕೆ ಮೊಸರಿನ ಗಡಿಗೆ ಇಡುವ ಜಾಗ. ಅವುಗಳ ನಡುವೆ ನನ್ನನ್ನು ಸೇರಿಸಿ, ತನ್ನ ತವರಿನ ಕೌದಿಯನ್ನು ಸುತ್ತ ಹೊದಿಸಿದಳು. ಉಳಿದಿದ್ದ ಯೀಸ್ಟಿನ ಇನ್ನೊಂದು ಪೊಟ್ಟಣವನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಚಿಟಿಕೆ ಸಕ್ಕರೆ ಉದುರಿಸಿ, ಮೇಲೆ ನೊರೆ ಕಟ್ಟುವವರೆಗೆ ಕಾದಳು. ನೊರೆ ಬಂದ ಮೇಲೆ ಅದನ್ನು ಒಳಗೆ ಸುರಿದು, ಮುಚ್ಚಳ ಬಿಗಿದು, ತೊಟ್ಟಿಲು ತೂಗಿದಂತೆ ನನ್ನನ್ನು ಅತ್ತಿತ್ತ ತೂಗಿದಳು. ತಳದಲ್ಲಿ ಮುದುಡಿದ್ದವೂ ಎದ್ದವು. ಆಮೇಲೆ ಕೈ ತೊಳೆದು, ವಿಭೂತಿ ಹಚ್ಚಿಕೊಂಡು ಮಠಕ್ಕೆ ನಡೆದಳು.

ಮರುದಿನ ನಸುಕಿನ ಐದಕ್ಕೇ ಗುಳುಕ್ ಎಂದೆ. ಸ್ವಲ್ಪ ಬಿಟ್ಟು ಮತ್ತೊಂದು. ಆಮೇಲೆ ನಿಲ್ಲಲೇ ಇಲ್ಲ. ಆರಕ್ಕೆ ತಪಾಸಣೆಗೆ ಬಂದು, ಕೌದಿ ಕಂಡು ಕೂಗಾಡಲು ಹೊರಟ ಸುಬೇದಾರರು ನನ್ನ ದನಿ ಕೇಳಿ ಬಾಯಿ ಮುಚ್ಚಿಕೊಂಡರು. ಏಳು ದಿನಕ್ಕೆ ಕಡ್ಡಿ ಹತ್ತಕ್ಕೆ ಇಳಿಯಿತು. ಬಿಯರು ಬಾಟಲಿ ಸೇರಿತು.

ಜನವರಿ ಹದಿನೈದನೆಯ ತಾರೀಕು ಎಂಟೂ ಮಂದಿ ಕುಡಿದು ಭೇಷ್ ಎಂದರು. ಕೆಂಪಣ್ಣನೂ ಎಂದ. ನಡುವೆ ಏನಾದರೂ ಕೈಕೊಟ್ಟಿತೇ ಎಂದು ಅವನು ಕೇಳಿದ್ದಕ್ಕೆ ಸುಬೇದಾರರು ಮೀಸೆ ಒರೆಸಿಕೊಂಡು ಹೇಳಿದ್ದನ್ನು ನಾನು ಅಡುಗೆಮನೆಯ ಮೂಲೆಯಿಂದ ಕೇಳಿದೆ. ಮಿರ್ಚಿ ಬಜಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಬಾಳವ್ವನೂ ಕೇಳಿದಳು.

"ನಮ್ಮಾಕಿ ಕಣ್ಣು ತಾಗಿ ನಿಂತಬಿಟ್ಟಿತ್ತೋ. ನಾ ಅದನ್ನ ಹಾದಿಗಿ ತಂದ್ನಿ."

ಎಂಟು ಮಂದಿ ಗೊಳ್ಳೆಂದು ನಕ್ಕರು. ಬಾಳವ್ವ ತಟ್ಟೆಯಿಟ್ಟು ಒಳಗೆ ಬಂದಳು. ನನ್ನ ಹೊಟ್ಟೆಯಲ್ಲಿ ಆಗ ಯೀಸ್ಟಿನ ಗಾಳಿಯಿದ್ದಿದ್ದರೆ ಊರೇ ಬೆಚ್ಚುವಂತೆ ಗುಳುಕ್ಕೆನ್ನುತ್ತಿದ್ದೆ. ಖಾಲಿ ಬಕೆಟ್ಟಿನ ಸಿಟ್ಟು ಯಾರಿಗೆ ಕೇಳೀತು?

ಮರುದಿನ ಬೆಳಿಗ್ಗೆಯೇ ಆಕೆ ನನ್ನನ್ನು ತೊಳೆದು ಬಿಸಿಲಿಗಿಟ್ಟು ತನ್ನ ಕಡೆ ಇಟ್ಟುಕೊಂಡಳು. ನಲ್ಲಿ ಕಿತ್ತು ತೂತಿಗೆ ಬಟ್ಟೆ ಗಿಡಿದಳು. ಅಂದಿನಿಂದ ನಾನು ಜೋಳದ ಹಿಟ್ಟಿನ ಡಬ್ಬಿ. ಕಂಠ ಒಂದು ಕಡೆ ಸೀಳಿದೆ, ಬಿಳುಪು ಹಳದಿಯಾಗಿದೆ. ಬಿಯರಿಗೆಂದು ಹುಟ್ಟಿ ಒಂದೇ ಸಲ ಬಿಯರು ಹೊತ್ತೆ. ಆ ಒಂದು ಸಲಕ್ಕೂ ಬೈಗುಳು ತಿಂದೆ. ಆದರೂ ದಿನಾ ಬೆಳಿಗ್ಗೆ ಹಿಟ್ಟಿಗೆ ಇಳಿಯುವ ಆ ಕೈಗೆ ನನ್ನ ತಳದಲ್ಲೇನಿತ್ತೆಂದು ಗೊತ್ತು. ನನ್ನಂಥ ವಸ್ತುವಿಗೆ ಅಷ್ಟು ಸಾಕು.

ಮೊನ್ನೆ, ಮತ್ತೆ ಡಿಸೆಂಬರ್ ಬಂತು. ಸುಬೇದಾರರು ಹೊಸ ಮಾಲ್ಟಿನ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಈ ಸಲ ಹನ್ನೆರಡು ಮಂದಿ ಬರುತ್ತಾರೆ ಎಂದರು. ಮೂಲೆಯತ್ತ ನೋಡಿದರು, ಕೌದಿಯತ್ತ ನೋಡಿದರು, ಆಕೆಯ ಮುಖವನ್ನು ಮಾತ್ರ ನೋಡಲಿಲ್ಲ.

"ಹಿಟ್ಟು ಬ್ಯಾರೆ ಕಡೆ ಸುರುವಿ ಆ ಬಕೀಟ ಕೊಡು. ಹ್ವಾದ ಸಲದಂಗ ನೀನೂ ಒಂಚೂರು ನೋಡ್ಕೋ. ಎಲ್ಲಾರಿಗೂ ಹೇಳೇನಿ, ಇಲ್ಲಂದ್ರ ನನ್ನ ಮಾನ ಹೋಗ್ತೈತಿ."

ಬಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಇನ್ನೊಂದು ಹಿಡಿ ಹಿಟ್ಟು ತೆಗೆದು ನನ್ನ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟಳು.

"ನಂದು ಹ್ವಾದ ಸಲನ ಎಂಟು ಮಂದಿ ಮುಂದ ಹೋತು. ಕೊಡಂಗಿಲ್ಲ."