ನೀತಾ ಏರಿಸಿದ ಮಿತಿ

ಸರ್ವರಿನ ರಿಪೇರಿಯನ್ನು ಕಥೆಯೆಂದು ಹೇಳಹೊರಟದ್ದು ಉದ್ಧಟತನವಾದೀತು, ಬಲ್ಲವರು ಕ್ಷಮಿಸಬೇಕು. ಆದರೆ ಬೇರೆಯವರ ಸರ್ವರ್ ನೋಡಿಕೊಳ್ಳುವ ಖರಾಡಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದ ನೀತಾಳಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಹಡಪಸರದ ರಕ್ತಪರೀಕ್ಷೆಯ ಲ್ಯಾಬೊಂದರ ಸರ್ವರ್, ಹಿರಿಯ ಸಹೋದ್ಯೋಗಿ ಲೋಕನಾಥನ ಕೈಯಿಂದ ಅವಳ ಪಾಲಿಗೆ ಬಂದಿತ್ತು. ಒಬ್ಬಳೇ ನೋಡಿಕೊಳ್ಳುವ ಮೊದಲ ಸರ್ವರ್. ಸಂಜೆ ಕ್ಲಾಸಿನಲ್ಲಿ ಕಲಿತದ್ದು ಸಾಕಾದೀತೇ ಎಂಬ ಅಳುಕು ಅವಳಿಗೆ ಮೊದಲೇ ಇತ್ತು. ಸರ್ವರ್ ಕೈಗೆ ಬಂದ ವಾರವೇ ಅದರ ಕೆಲಸ ನಿಂತು, ರೋಗಿಗಳ ರಿಪೋರ್ಟುಗಳು ತೆರೆಯದಾದವು. ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಏಕಕಾಲಕ್ಕೆ ಎಷ್ಟು ಫೈಲು ತೆರೆದಿಟ್ಟುಕೊಳ್ಳಬಹುದೆಂಬುದಕ್ಕೆ ಮಿತಿ ಇರುತ್ತದೆ. ರಿಪೋರ್ಟಿನ ಪ್ರೋಗ್ರಾಂ ಅದನ್ನು ಮುಟ್ಟಿತ್ತು. ನೀತಾ ಮಿತಿ ಏರಿಸಿದಳು. ಲಾಗಿನ್ ಆಗಿ ನೋಡಿದರೆ ಹೊಸ ಸಂಖ್ಯೆ ಕಂಡಿತು. ಸರಿಯಾಯಿತೆಂದು ಲ್ಯಾಬಿನ ಮಾಲೀಕ, ಧಾರವಾಡ ಕಡೆಯ ಪ್ರಲ್ಹಾದರಾಯರಿಗೆ ತಿಳಿಸಿದಳು.

ಮರುದಿನ ಮಧ್ಯಾಹ್ನ ಮತ್ತೆ ನಿಂತಿತು.

“ಇನ್ನೊಮ್ಮೆ ನಿಂತರ ಬ್ಯಾರೆ ಕಂಪನಿ ನೋಡ್ತೀವ್ರಿ,” ಎಂದರು ರಾಯರು ಫೋನಿನಲ್ಲಿ. “ಕೌಂಟರ್ ಮುಂದ ಮಂದಿ ನನ್ನ ಮಾರಿ ನೋಡಾಕತ್ತಾರ.”

ಲೋಕನಾಥ ಕುರ್ಚಿ ಸರಿಸಿಕೊಂಡು ಬಂದ. “ಮಿತಿ ಏರೇದ ಅಂತ ಎಲ್ಲಿ ನೋಡಿದಿ?”

“ನನ್ನ ಲಾಗಿನ್‌ನ್ಯಾಗ.”

“ಅಂದ್ರ ಪಂಕ್ತಿಯೊಳಗ ಕುಂತು, ನಿನ್ನ ತಾಟ ನೋಡಿ, ಎಲ್ಲಾರಿಗೂ ಬಡಿಸ್ಯಾರ ಅಂದಿ.”

ನೀತಾಳ ಕಿವಿ ಬಿಸಿಯಾಯಿತು. ಅವಳು ಏರಿಸಿದ ಮಿತಿ ಲಾಗಿನ್ ಆಗಿ ಬರುವವರಿಗಷ್ಟೇ. ರಿಪೋರ್ಟಿನ ಪ್ರೋಗ್ರಾಂ ಲಾಗಿನ್ ಆಗುವುದೇ ಇಲ್ಲ. ಯಂತ್ರವೇ ಅದನ್ನು ಎಬ್ಬಿಸುತ್ತದೆ. ಅದರ ಸ್ವಂತ ಸೆಟಿಂಗ್‌ನಲ್ಲಿ ಮಿತಿ ಬರೆದು ಮತ್ತೆ ಚಾಲೂ ಮಾಡಿದಳು. ಈ ಸಲ ಓಡುತ್ತಿರುವ ಪ್ರೋಗ್ರಾಮಿನ ಮಿತಿಯನ್ನೇ ತೆಗೆದು ನೋಡಿದಳು. ಏರಿತ್ತು.

ಆದರೆ ತೆರೆದ ಫೈಲುಗಳ ಸಂಖ್ಯೆಯೂ ನಿಧಾನವಾಗಿ ಏರುತ್ತಿತ್ತು.

“ಸದ್ಯಕ್ಕ ನಡೀತದ. ಸರಿ ಆತು ಅಂತ ಹೇಳು, ಚಹಾಕ್ಕ ಹೋಗೂಣು,” ಎಂದ ಲೋಕನಾಥ.

ನೀತಾ ಫೋನ್ ಎತ್ತಿಕೊಂಡಳು. “ರಾಯರ, ನಿನ್ನೆ ನಾ ತಪ್ಪು ಜಾಗಾದಾಗ ನೋಡಿದ್ದೆ. ಈಗ ಮಿತಿ ಏರೇದ್ರಿ, ಇವತ್ತು ನಿಲ್ಲಂಗಿಲ್ಲ. ಆದ್ರ ತೆರೆದ ಫೈಲು ಮುಚ್ಚವಲ್ವು. ಹಿಂಗಾದ್ರ ಮುಂದ ಮತ್ತ ತುಂಬ್ತಾವ.”

“ಯಾಕ ಮುಚ್ಚವಲ್ವು?”

“ಗೊತ್ತಿಲ್ರಿ.”

“ಗೊತ್ತಾದ ಮ್ಯಾಲ ನೀವೇ ಫೋನ್ ಮಾಡ್ರಿ,” ಎಂದರು ರಾಯರು. “ಲೋಕನಾಥಗ ಫೋನ್ ಕೊಡಬ್ಯಾಡ್ರಿ. ಅಂವ ಯಾವಾಗ ಕೇಳಿದ್ರೂ ಎಲ್ಲಾ ಸರಿ ಅದ ಅಂತಾನ.”

ಈಗ ಲ್ಯಾಬ್ ಬಾಗಿಲು ತೆರೆಯುವ ಮೊದಲು ನೀತಾ ದಿನಾ ತೆರೆದ ಫೈಲುಗಳ ಸಂಖ್ಯೆ ನೋಡಿ, ಅವೆಲ್ಲ ಮುಚ್ಚಲೆಂದು ಪ್ರೋಗ್ರಾಂ ನಿಲ್ಲಿಸಿ ಮತ್ತೆ ಚಾಲೂ ಮಾಡುತ್ತಾಳೆ. ಅದರ ಯಾವ ಭಾಗ ಫೈಲು ತೆರೆದು ಮುಚ್ಚದೆ ಬಿಡುತ್ತಿದೆಯೋ, ಅದು ಇನ್ನೂ ಗೊತ್ತಾಗಿಲ್ಲ.